ಅಂಚು ಸಿಗದ ಸ್ವಿಚ್ ಬೋರ್ಡು

ನಮ್ಮ ಟೈಲ್ಸ್ ಕೆಲಸದವರ ಸಂಘದಿಂದ ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಸನ್ಮಾನ ಮಾಡುತ್ತಾರಂತೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಜೊತೆಗೆ ಒಂದು ಸಣ್ಣ ಸ್ಮರಣ ಸಂಚಿಕೆ. ಸಂಘದ ವಾರ್ಷಿಕ ವರದಿ ಬರೆಯುವವನು ನಾನೇ ಆದ್ದರಿಂದ ಕಾರ್ಯದರ್ಶಿಗಳು ನನಗೇ ಫೋನ್ ಮಾಡಿದರು. "ನೀನು ಅವರ ಶಿಷ್ಯ ಅಲ್ವಾ ಮಾರಾಯ, ಎರಡು ಪುಟ ಬರೆದು ಕೊಡು" ಎಂದರು. ಬರೆದು ಕೊಟ್ಟೆ. ಓದಿದ ಕಾರ್ಯದರ್ಶಿಗಳು ನಮ್ಮೂರು ಹಿರಿಯಡ್ಕದ ಪೇಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಇದನ್ನು ಹಾಕಿದರೆ ಸನ್ಮಾನ ಆಗುವುದಿಲ್ಲ, ಹೊಡೆದಾಟ ಆಗ್ತದೆ" ಎಂದು ಹಾಳೆಗಳನ್ನು ನನ್ನ ಕೈಗೇ ಹಿಂದೆ ತುರುಕಿದರು. ಆ ಎರಡು ಪುಟಗಳನ್ನು ಈಗ ಇನ್ನಷ್ಟು ಉದ್ದ ಮಾಡಿ ಇಲ್ಲಿ ಕೊಡುತ್ತಿದ್ದೇನೆ.

ಮೇಸ್ತ್ರಿಯ ಹೆಸರು ಬರೆಯುವುದಿಲ್ಲ. ಸಂಚಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ, ಫ್ಲೆಕ್ಸಿನಲ್ಲಿ ಇನ್ನೂ ದಪ್ಪಕ್ಕೆ ಬರುತ್ತದೆ, ಅಷ್ಟು ಸಾಕು. 'ಅವರು' ಎಂದೇ ಬರೆಯುತ್ತೇನೆ. ಮರ್ಯಾದೆ ಉಕ್ಕಿ ಬಂದು ಅಲ್ಲ, 'ಅವನು' ಎಂದರೆ ಏನೋ ಹತ್ತಿರದವರ ಹಾಗೆ ಕೇಳಿಸುತ್ತದೆ, ಅದು ನನಗೆ ಬೇಡ. ಸತ್ತ ಮೇಲೆ ಬರೆದರೆ ಜನ ನನ್ನನ್ನು ಬಯ್ಯುತ್ತಾರೆ. ಬದುಕಿರುವಾಗಲೇ ಬರೆದರೆ ಅವರಿಗೂ ಓದಲು ಸಿಗುತ್ತದೆ. ನಮ್ಮ ನಡುವಿನ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಓದುವವರಿಗಾಗಿ ಕನ್ನಡಕ್ಕೆ ತಂದಿದ್ದೇನೆ.

ಮೊದಲು ಅವರ ಅಂಗಿಯ ವಿಷಯ ಹೇಳಬೇಕು. ಕೆಲಸದ ಮನೆಗೆ ಅವರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬರುತ್ತಿದ್ದರು. ಬಂದವರೇ ಗೋಡೆಯಲ್ಲಿ ಒಂದು ಮೊಳೆ ಹುಡುಕಿ ಅಂಗಿಯನ್ನು ನೇತುಹಾಕಿ, ಅದರ ಮೇಲೆ ಹಳೆಯ ಪೇಪರು ಹೊದಿಸಿ, ಆಮೇಲೆ ಕೆಲಸದ ಬನಿಯನ್ನಿಗೆ ಇಳಿಯುತ್ತಿದ್ದರು. ಸಂಜೆ ನಾವೆಲ್ಲ ತಲೆಯಿಂದ ಪಾದದವರೆಗೆ ಸಿಮೆಂಟು ಮೆತ್ತಿಕೊಂಡು ಬಸ್ಸಿಗೆ ಕಾಯುವಾಗ ಅವರು ಬ್ಯಾಂಕಿನಿಂದ ಹೊರಗೆ ಬಂದವರಂತೆ ನಿಂತಿರುತ್ತಿದ್ದರು. ಯಾರದೇ ಮನೆಗೆ ಹೋಗಲಿ, ವಾರೆಯಾದ ಕ್ಯಾಲೆಂಡರು ಕಂಡರೆ ಕೇಳದೆಯೇ ನೇರ ಮಾಡುತ್ತಿದ್ದರು. ಮಟ್ಟುಗುಳ್ಳದ ಕಾಲದಲ್ಲಿ ರಸ್ತೆ ಬದಿಯಲ್ಲಿ ಬದನೆ ಕೊಳ್ಳಲು ನಿಂತರೆ ಒಂದೇ ಗಾತ್ರದ್ದನ್ನು ಆಯ್ದು ಆಯ್ದು, ಮಾರುವ ಹೆಂಗಸಿನ ತಾಳ್ಮೆ ಕೆಡಿಸುತ್ತಿದ್ದರು. "ಕಣ್ಣಿಗೆ ಅಡ್ಡ ಬರಬಾರದು ಮಾರಾಯ" ಎನ್ನುವುದು ಅವರ ಬಾಯಿಯ ಮಾತು. ಕೇಳುವವರಿಗೆ ಅದು ಕಲೆಯ ಮಾತಿನ ಹಾಗೆ ಕೇಳಿಸುತ್ತಿತ್ತು. ನನಗೂ ಕೆಲವು ಕಾಲ ಹಾಗೆಯೇ ಕೇಳಿಸಿತ್ತು.

ಕೆಲಸ ಗೊತ್ತಿತ್ತು. ಅದನ್ನು ಇಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ನೆಲದ ಟೈಲ್ಸು ಇರಲಿ, ಗೋಡೆಯದು ಇರಲಿ, ಅವರು ಕೂರಿಸಿದ ಮೇಲೆ ನೀರು ಚೆಲ್ಲಿದರೆ ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಆದರೆ ಅವರಿಗೆ ಉಡುಪಿಯಿಂದ ಕಾರ್ಕಳದವರೆಗೆ ಹೆಸರು ತಂದದ್ದು ನೆಲವಲ್ಲ, ಸ್ವಿಚ್ ಬೋರ್ಡು. ಎಲ್ಲರೂ ಗೋಡೆಗೆ ಟೈಲ್ಸ್ ಹಾಕಿದ ಮೇಲೆ ಅದರ ಮೇಲಿನಿಂದ ಸ್ವಿಚ್ಚಿನ ಪ್ಲೇಟನ್ನು ಕೂರಿಸುತ್ತಾರೆ. ಪ್ಲೇಟಿನ ಅಂಚು ಟೈಲ್ಸಿನ ಮೇಲೆ ಸ್ವಲ್ಪ ಹತ್ತಿ ನಿಲ್ಲುತ್ತದೆ. ಕೊರೆದ ಜಾಗ ಅದರ ಅಡಿಯಲ್ಲಿ ಮುಚ್ಚಿ ಹೋಗುತ್ತದೆ, ನಾಳೆ ಏನಾದರೂ ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿದರೆ ಪ್ಲೇಟು ಕೈಗೆ ಬರುತ್ತದೆ. ಅವರು ಹಾಗೆ ಮಾಡುತ್ತಿರಲಿಲ್ಲ. ಪ್ಲೇಟನ್ನೇ ಟೈಲ್ಸಿನ ಒಳಗೆ ಇಳಿಸುತ್ತಿದ್ದರು. ಪ್ಲೇಟಿನ ಅಳತೆಗೇ ಟೈಲ್ಸು ಕೊರೆದು, ಪ್ಲೇಟನ್ನು ಅದರೊಳಗೆ ಕೂರಿಸಿ, ಸುತ್ತಲಿನ ಸಂದಿಗೆ ಬಿಳಿ ಸಿಮೆಂಟಿನ ಜಾಯಿಂಟು ತುಂಬಿಸಿ, ಗೋಡೆ ಮತ್ತು ಪ್ಲೇಟು ಒಂದೇ ಮಟ್ಟಕ್ಕೆ ತರುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆಯವರನ್ನು ಕರೆದು, "ಕಣ್ಣು ಮುಚ್ಚಿ, ಗೋಡೆಯ ಮೇಲೆ ಕೈ ಆಡಿಸಿ, ಬೋರ್ಡು ಎಲ್ಲಿ ಶುರುವಾಗ್ತದೆ ಹೇಳಿ ನೋಡುವ" ಎನ್ನುತ್ತಿದ್ದರು. ಮನೆಯವರು ಕಣ್ಣು ಮುಚ್ಚಿ ಗೋಡೆ ತಡವುತ್ತಿದ್ದರು, ಅಂಚು ಸಿಗದೆ ನಗುತ್ತಿದ್ದರು. ಆ ನಗು ಬಂತೆಂದರೆ ಪಕ್ಕದ ಮನೆಯ ಕೆಲಸವೂ ಅವರಿಗೇ ಎಂದು ಲೆಕ್ಕ.

ಅದನ್ನು ಮಾಡುವ ಕ್ರಮ ಮಾತ್ರ ಮನೆಯವರು ನೋಡುತ್ತಿರಲಿಲ್ಲ, ಧೂಳೆಂದು ಅವರನ್ನು ಹೊರಗೆ ಕಳುಹಿಸುತ್ತಿದ್ದರು. ಗೋಡೆಯೊಳಗಿನ ಕಬ್ಬಿಣದ ಬಾಕ್ಸಿಗೆ ವಯರುಗಳನ್ನು ಒತ್ತಿ ತುಂಬಿ, ಅದರ ಮೇಲೆ ಇಡೀ ಟೈಲ್ಸನ್ನೇ ಅಂಟಿಸಿಬಿಡುತ್ತಿದ್ದರು. ಅಂಟು ಹಿಡಿದ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಬಾಕ್ಸು ಎಲ್ಲಿದೆ ಎಂದು ಕೇಳಿಸಿಕೊಂಡು, ಗೋಡೆಯ ಮೇಲೆಯೇ ಗ್ರೈಂಡರಿನಿಂದ ಕೊರೆಯುತ್ತಿದ್ದರು. ಗ್ರೈಂಡರಿಗೆ ಕರೆಂಟು ಬೇಕು, ಆದ್ದರಿಂದ ಮೈನು ಆಫ್ ಮಾಡುವ ಪ್ರಶ್ನೆಯೇ ಇಲ್ಲ. ತಿರುಗುವ ಬ್ಲೇಡು ಮೂಲೆಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ, ಗೆರೆ ದಾಟಿ ಸ್ವಲ್ಪ ಮುಂದೆ ಹೋಗುತ್ತದೆ. ಮುಂದೆ ಹೋದರೆ ಅಲ್ಲಿ ಇರುವುದು ವಯರಿನ ಪೈಪು. ಇದು ನಮಗೆ ಯಾರಿಗೂ ಅವರು ಹೇಳಿರಲಿಲ್ಲ. ಕೊರೆಯುವಾಗ ನಮ್ಮನ್ನೂ ಹತ್ತಿರ ನಿಲ್ಲಿಸುತ್ತಿರಲಿಲ್ಲ.

ತಪ್ಪು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿಯೂ ಅವರದು ಅಷ್ಟೇ ನೀಟು. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ವಾಷಿಂಗ್ ಮೆಷಿನ್ನಿನ ಪ್ಲಗ್ಗು ಕೆಟ್ಟು ಎಲೆಕ್ಟ್ರಿಷಿಯನ್ ಬಂದ. ಇವರು ಹೂತಿಟ್ಟ ಪ್ಲೇಟು ಹೊರಗೆ ಬರಬೇಕಲ್ಲ? ಪಾಪ, ಅವನು ಸ್ಕ್ರೂಡ್ರೈವರು ಹಾಕಿ ಮೀಟಿದಾಗ ಟೈಲ್ಸಿನ ಮೂಲೆ ಹಾರಿತು. ಇವರಿಗೆ ಫೋನ್ ಬಂತು. ಬಿಳಿ ಅಂಗಿ ಹಾಕಿಕೊಂಡು ಹೋಗಿ, ಒಡೆದ ಮೂಲೆಯನ್ನು ಕೈಯಲ್ಲಿ ಹಿಡಿದು, ಎಲೆಕ್ಟ್ರಿಷಿಯನ್ನನ್ನು ಮನೆಯವರ ಎದುರೇ ಕೇಳಿದರು, "ನಿನಗೆ ಪ್ಲೇಟು ತೆಗೆಯಲಿಕ್ಕೂ ಯಾರೂ ಕಲಿಸಲಿಲ್ವಾ?" ಅವನು ಕ್ಷಮೆ ಕೇಳಿ ಹೋದ. ನಾವು ಮೆಟ್ಟಿಲಿಳಿಯುವಾಗ ಅವರು ನಗುತ್ತಿದ್ದರು, ಜೊತೆಗೆ ನಾನೂ ನಕ್ಕೆ. ಆ ತಂತ್ರವನ್ನೇ ಮುಂದೆ ನಮ್ಮ ಮನೆಯವರ ಮೇಲೆ ಪ್ರಯೋಗಿಸುತ್ತಾರೆಂದು ನನಗೆ ಕನಸು ಬಿದ್ದಿತ್ತೇ?

ನಮ್ಮ ಮನೆಯವರೆಂದರೆ ಅಕ್ಕ. ಅಪ್ಪ ತೀರಿದ ಮೇಲೆ ಅಕ್ಕನ ದುಡಿಮೆಯಿಂದಲೇ ನಾನು ಶಾಲೆ ಮುಗಿಸಿದ್ದು. ಅವಳು ಅದೇ ಮೇಸ್ತ್ರಿಯ ಕೈಕೆಳಗೆ ಜಾಯಿಂಟು ತುಂಬಿಸುವ ಕೆಲಸ ಮಾಡುತ್ತಿದ್ದಳು, ನನ್ನನ್ನು ಆ ಕೆಲಸಕ್ಕೆ ಸೇರಿಸಿದವಳೂ ಅವಳೇ. ಟೈಲ್ಸುಗಳ ನಡುವಿನ ಸಂದಿಗೆ ಪುಡಿ ಕಲಸಿ ತುಂಬಿ, ಒಣಗುವ ಮೊದಲು ಒದ್ದೆ ಸ್ಪಂಜಿನಿಂದ ಒರೆಸಬೇಕು. ಬೇಗ ಒರೆಸಿದರೆ ಕಿತ್ತು ಬರುತ್ತದೆ, ತಡವಾದರೆ ಟೈಲ್ಸಿನ ಮೇಲೆ ಕಲೆ ಉಳಿಯುತ್ತದೆ. ಅಕ್ಕನಿಗೆ ಆ ಹೊತ್ತು ಬೆರಳಿಗೇ ಗೊತ್ತಾಗುತ್ತಿತ್ತು. ಹಿರಿಯಡ್ಕ, ಬೆಳ್ಮಣ್ ಕಡೆಯ ಹೆಂಗಸರು, "ಮೇಸ್ತ್ರಿ ಯಾರಾದರೂ ಆಗಲಿ, ಜಾಯಿಂಟಿಗೆ ಆ ಹುಡುಗಿಯನ್ನೇ ಕಳಿಸಿ" ಎಂದು ಕೇಳುತ್ತಿದ್ದ ಕಾಲವೊಂದು ಇತ್ತು.

ಬೆಳ್ಮಣ್‌ನ ಒಂದು ಮನೆಯಲ್ಲಿ ಅಡುಗೆಕೋಣೆಗೆ ಹೊಸ ಟೈಲ್ಸು. ಹಳೆಯ ಮನೆ, ಶಾಕ್ ತಾಗಿದರೆ ತನ್ನಿಂತಾನೇ ಕರೆಂಟು ಕಡಿಯುವ ಟ್ರಿಪ್ಪರು ಇರಲಿಲ್ಲ. ಮೇಸ್ತ್ರಿ ತಮ್ಮ ಕ್ರಮದಂತೆ ಬೋರ್ಡಿನ ಕೆಲಸ ಮುಗಿಸಿ, ಪ್ಲೇಟನ್ನೂ ತಾವೇ ಕೂರಿಸಿ, "ಇದಕ್ಕೆಲ್ಲ ಎಲೆಕ್ಟ್ರಿಷಿಯನ್ ಎಂತಕ್ಕೆ?" ಎಂದಿದ್ದರು. ಮರುದಿನ ಬೆಳಿಗ್ಗೆ ಅಕ್ಕ ಕಬ್ಬಿಣದ ಸ್ಟೂಲಿನ ಮೇಲೆ ನಿಂತು ಬೋರ್ಡಿನ ಸುತ್ತ ಜಾಯಿಂಟು ತುಂಬಿಸಿ, ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದಳು. ನಾನು ಹಿತ್ತಿಲಲ್ಲಿ ಟೈಲ್ಸು ನೀರಿಗೆ ಹಾಕುತ್ತಿದ್ದೆ. ಒಳಗಿನಿಂದ ಅವಳ ಕೂಗು ಕೇಳಲಿಲ್ಲ, ಸ್ಟೂಲು ಗಡಗಡ ಅಲುಗುವ ಸದ್ದು ಕೇಳಿತು. ಓಡಿ ಹೋದರೆ ಅವಳ ಬಲಗೈ ಪ್ಲೇಟಿನ ಸ್ಕ್ರೂವಿಗೆ ಕಚ್ಚಿಕೊಂಡಿತ್ತು. ಮರದ ಹಲಗೆ ಎತ್ತಿ ಆ ಕೈಗೇ ಹೊಡೆದೆ. ಅಕ್ಕ ಕೆಳಗೆ ಬಿದ್ದಳು. ನನ್ನ ಅಕ್ಕನ ಕೈಗೆ ನಾನೇ ಹೊಡೆಯಬೇಕಾಗಿ ಬಂತು, ಅದು ಒಂದು ಸಾಕು ಈ ಮನುಷ್ಯನನ್ನು ಬಿಡದಿರಲು.

ಮಣಿಪಾಲಕ್ಕೆ ಕೊಂಡುಹೋದೆವು. ಜೀವ ಉಳಿಯಿತು. ತೋರುಬೆರಳು, ನಡುಬೆರಳು ಸುಟ್ಟು, ಗುಣವಾದ ಮೇಲೂ ಬಾಗಿದ ಹಾಗೆಯೇ ನಿಂತವು. ಸ್ಪಂಜು ಹಿಡಿಯುವುದು ದೂರ ಉಳಿಯಿತು, ಬೀಡಿ ಕಟ್ಟಲಿಕ್ಕೂ ಒದಗದ ಕೈ ಆಯಿತು.

ಅದೇ ದಿನ ಸಂಜೆ, ಅಕ್ಕ ಆಸ್ಪತ್ರೆಯಲ್ಲಿ ಇರುವಾಗಲೇ ನಾನು ನಮ್ಮ ಸಾಮಾನು ತರಲು ಬೆಳ್ಮಣ್‌ಗೆ ಹೋದೆ. ಅಡುಗೆಕೋಣೆಯಲ್ಲಿ ಮೇಸ್ತ್ರಿ ಒಬ್ಬರೇ ಇದ್ದರು. ಜಾಯಿಂಟು ಇನ್ನೂ ಹಸಿ ಇದ್ದುದರಿಂದ ಪ್ಲೇಟು ಹೊರಗೆ ಬಂದಿತ್ತು. ಮಾಸಿದ ಹಳೆಯ ವಯರುಗಳ ನಡುವೆ ಒಂದು ತುಂಡು ಮಾತ್ರ ಹೊಸತು, ಮಿರಮಿರ ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಹಸಿರು ಅರ್ಥ್ ವಯರನ್ನು ಆಗಷ್ಟೇ ಬಾಕ್ಸಿಗೆ ತಿರುಪಿದ್ದರು. ಮೊದಲು ಅದನ್ನು, ಪ್ಲೇಟು ಒಳಗೆ ಇಳಿಸಲು ಅಡ್ಡ ಬರುತ್ತದೆಂದು, ಇವರೇ ಕತ್ತರಿಸಿ ಬಿಟ್ಟಿದ್ದು. ಬ್ಲೇಡು ಪೈಪು ದಾಟಿ ವಯರಿನ ಸಿಪ್ಪೆ ಸುಲಿದಿದೆ, ತಾಮ್ರ ಬಾಕ್ಸಿಗೆ ತಾಗಿದೆ, ಬಾಕ್ಸಿನಿಂದ ಸ್ಕ್ರೂವಿಗೆ, ಸ್ಕ್ರೂವಿನಿಂದ ಅಕ್ಕನ ಕೈಗೆ. ಇಷ್ಟು ಅರ್ಥವಾಗಲು ಎಷ್ಟು ಹೊತ್ತು ಬೇಕು?

"ಇದು ಎಂತ ಮೇಸ್ತ್ರಿ?" ಎಂದೆ.

"ಎಂತದ್ದು ಎಂತ? ಒದ್ದೆ ಬಟ್ಟೆಯನ್ನು ಪ್ಲಗ್ಗಿನ ತೂತಿಗೆ ತುರುಕಿದ್ದಾಳೆ ನಿನ್ನ ಅಕ್ಕ. ಒಳಗೆ ಎಲ್ಲ ಸುಟ್ಟು ಹೋಗಿತ್ತು. ನಾನು ಸರಿ ಮಾಡ್ತಾ ಇದ್ದೇನೆ."

ಮನೆಯ ಯಜಮಾನ್ತಿ ಬಾಗಿಲಲ್ಲಿ ನಿಂತಿದ್ದರು. ನಾನು ಹೊಸ ವಯರನ್ನು ತೋರಿಸಿದೆ, ಪೈಪಿನಲ್ಲಿ ಬ್ಲೇಡಿನ ಗಾಯ ತೋರಿಸಿದೆ. ಅವರು ಕೆಟ್ಟವರಲ್ಲ, ಆಸ್ಪತ್ರೆಗೆ ಗಂಜಿ ಕಳುಹಿಸಿದವರು. ಆದರೆ ಅವರು ಪೈಪನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. "ಇಷ್ಟು ಚಂದ ಕೆಲಸ ಮಾಡುವವರು ಹಾಗೆಲ್ಲ ಮಾಡ್ತಾರಾ? ಅಕ್ಕನಿಗೆ ಹೀಗಾಯ್ತು ಅಂತ ನಿನಗೆ ಸಂಕಟ, ಅದಕ್ಕೆ ಹೇಳ್ತಾ ಇದ್ದಿ" ಎಂದರು. ಮೇಸ್ತ್ರಿ ನನ್ನ ಬೆನ್ನು ಸವರಿ, "ಪಾಪ, ಹುಡುಗ" ಎಂದರು. ಆ ಬೆನ್ನು ಸವರಿದ್ದನ್ನು ನಾನು ಮರೆತಿಲ್ಲ, ಮರೆಯುವ ಅಂದಾಜೂ ಇಲ್ಲ.

ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಪ್ಲಗ್ಗಿಗೆ ಒದ್ದೆ ಬಟ್ಟೆ ತುರುಕಿದ ಹೆಂಗಸು ಎಂದು ಅಕ್ಕನಿಗೆ ಹೆಸರಾಯಿತು. ಅವಳು ಎಡಗೈಯಲ್ಲಿ ಸ್ಪಂಜು ಹಿಡಿಯುವುದನ್ನು ಮನೆಯ ಬಚ್ಚಲಿನ ಗೋಡೆಯ ಮೇಲೆ ಕಲಿತಳು, ಬಲಗೈಯಷ್ಟೇ ಚಂದಕ್ಕೆ ಕಲಿತಳು. ಅವಳನ್ನು ಕರೆದುಕೊಂಡು ಕಾರ್ಕಳದ ಒಬ್ಬ ಮೇಸ್ತ್ರಿಯ ಹತ್ತಿರ ಹೋದೆ. ಅವನು ಕೈ ನೋಡಿ ಬೇಡ ಎಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. "ಕೈಯ ವಿಷಯ ಅಲ್ಲ ಮಾರಾಯ. ಇವಳು ಕರೆಂಟಿನ ಹತ್ತಿರ ಹುಷಾರಿಲ್ಲ ಅಂತ ಎಲ್ಲರಿಗೂ ಗೊತ್ತುಂಟು. ನನಗೆ ಕೇಸು ಮಾಡಿಸ್ಬೇಡ" ಎಂದ. ಮನೆ ಮುಟ್ಟಿದ ಮೇಲೆ ಅಕ್ಕ, "ಕೈ ಹೋದದ್ದು ಹೋಯ್ತು. ಆ ಬಿಳಿ ಅಂಗಿಯವ ನನ್ನನ್ನು ದಡ್ಡಿ ಮಾಡಿ ಇಟ್ಟನಲ್ಲ, ಅದನ್ನು ಮಾತ್ರ ಅವನ ಬಾಯಿಂದಲೇ ತೆಗೆಸ್ಬೇಕು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಬಿಟ್ಟರೆ ಬೇರೆ ಆಸೆ ಇರಲಿಲ್ಲ.

ನಾನು ಅವರನ್ನು ಬಿಟ್ಟು ಸ್ವಂತ ಕೆಲಸ ಶುರುಮಾಡಿದೆ. ಅವರು ಮಾಡುತ್ತಿದ್ದುದರ ತದ್ವಿರುದ್ಧ ಮಾಡುವುದೇ ನನ್ನ ವಿದ್ಯೆ. ಮೊದಲು ಆ ಕೋಣೆಯ ಕರೆಂಟು ಆಫ್. ಆಫ್ ಮಾಡಿದೆ ಎಂದು ಮನೆಯವರು ಹೇಳಿದರೆ ನಂಬುವುದಿಲ್ಲ, ಟೆಸ್ಟರು ಹಾಕಿ ನೋಡುತ್ತೇನೆ. ಟೆಸ್ಟರನ್ನೂ ನಂಬುವುದಿಲ್ಲ, ಬೇರೆ ಕಡೆ ಕರೆಂಟು ಇರುವ ಪ್ಲಗ್ಗಿಗೆ ಹಾಕಿ ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಂಡು ಬರುತ್ತೇನೆ. ಪ್ಲೇಟು ಬಿಚ್ಚಿ, ವಯರುಗಳ ತುದಿಗೆ ಟೇಪು ಸುತ್ತಿ ಒಳಗೆ ಮಡಚಿ, ಬಾಕ್ಸಿನ ನಾಲ್ಕೂ ಬದಿಯ ಅಳತೆಯನ್ನು ಟೈಲ್ಸಿನ ಮೇಲೆ ಗೆರೆ ಹಾಕಿ, ಅದನ್ನು ಹೊರಗೆ ಅಂಗಳಕ್ಕೆ ತಂದು ಬೇರೆ ಲೈನಿನ ಕರೆಂಟಿನಲ್ಲಿ ಕೊರೆಯುತ್ತೇನೆ. ಗೋಡೆಯ ಮೇಲೆ ನನ್ನ ಬ್ಲೇಡು ತಿರುಗುವುದಿಲ್ಲ. ಟೈಲ್ಸು ಬಾಕ್ಸಿನ ಅಂಚಿನವರೆಗೆ ಬರಬೇಕು, ಸ್ಕ್ರೂ ಹಿಡಿಯುವ ಕಿವಿಗಳನ್ನು ಮುಚ್ಚಬಾರದು. ಟೈಲ್ಸಿನ ದಪ್ಪದಿಂದ ಪ್ಲೇಟು ಮುಂದೆ ಬರುತ್ತದೆ, ಆದ್ದರಿಂದ ಹಳೆಯ ಸ್ಕ್ರೂ ಸಾಲುವುದಿಲ್ಲ, ಎಷ್ಟು ಬೇಕೋ ಅಷ್ಟೇ ಉದ್ದದ್ದು ಹಾಕಬೇಕು, ಹೆಚ್ಚು ಉದ್ದದ್ದು ಹಾಕಿದರೆ ಅದು ಒಳಗೆ ವಯರನ್ನು ಚುಚ್ಚುತ್ತದೆ. ಅರ್ಥ್ ವಯರು ಅದರ ಜಾಗದಲ್ಲಿ ಉಂಟೋ ಎಂದು ಎಲೆಕ್ಟ್ರಿಷಿಯನ್ ಬಂದು ನೋಡದೆ ಪ್ಲೇಟು ಮುಚ್ಚುವುದಿಲ್ಲ. ಜಾಯಿಂಟು ಒಣಗದೆ ಕರೆಂಟು ಇಲ್ಲ. ಮನೆಯವರು ಫ್ರಿಜ್ಜಿನ ಮೀನು ಹಾಳಾಗುತ್ತದೆಂದು ಬೊಬ್ಬೆ ಹೊಡೆದರೆ, "ಮೀನು ನಾಳೆಯೂ ಬರ್ತದೆ" ಎನ್ನುತ್ತೇನೆ. ಪ್ಲೇಟಿನ ಅಂಚು ನನ್ನ ಗೋಡೆಯಲ್ಲಿ ಬೆರಳಿಗೆ ಸಿಗುತ್ತದೆ. ಸಿಗಲಿ ಎಂದೇ ಮಾಡಿದ್ದು.

ಮಣಿಪಾಲದ ಫ್ಲ್ಯಾಟುಗಳಲ್ಲಿ ನಿಧಾನವಾಗಿ ನನಗೂ ಹೆಸರು ಬಂತು. ಅವರ ಗಿರಾಕಿಗಳು ಒಬ್ಬೊಬ್ಬರೇ ನನ್ನ ಕಡೆಗೆ ಬಂದಾಗ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಪ್ರತಿ ಸಲವೂ ಅಕ್ಕನಿಗೆ ಬಂದು ಹೇಳುತ್ತಿದ್ದೆ, ಅವಳು ಆ ದಿನ ಒಂದು ಪಲ್ಯ ಹೆಚ್ಚು ಮಾಡುತ್ತಿದ್ದಳು.

ಹೀಗಿರುವಾಗ ಕಾಪುವಿನಿಂದ ಒಬ್ಬ ಹೆಂಗಸಿನ ಫೋನ್ ಬಂತು. ಅಡುಗೆಕೋಣೆಯಲ್ಲಿ ಮಿಕ್ಸಿಯ ಬೋರ್ಡು ಮುಟ್ಟಿದರೆ ಜುಮ್ಮೆನ್ನುತ್ತದೆ, ಬಂದ ಎಲೆಕ್ಟ್ರಿಷಿಯನ್ನುಗಳು ಟೈಲ್ಸು ಒಡೆಯದೆ ಪ್ಲೇಟು ಬರುವುದಿಲ್ಲ ಎಂದು ಕೈಚೆಲ್ಲಿ ಹೋಗಿದ್ದಾರೆ, ನೀವು ಬಂದು ನೋಡುತ್ತೀರಾ ಎಂದರು. ಪ್ಲೇಟು ಬರುವುದಿಲ್ಲ ಎಂದ ಕೂಡಲೇ ಅದು ಯಾರ ಕೆಲಸ ಎಂದು ನನಗೆ ತಿಳಿಯಿತು. ಆದರೆ ಅದು ಅವರದೇ ಮನೆ ಎಂದು ತಿಳಿದದ್ದು ಜಗಲಿಯಲ್ಲಿ ಬಿಳಿ ಅಂಗಿ ಕಂಡಾಗ. ಫೋನ್ ಮಾಡಿದವರು ಅವರ ಸೊಸೆ. ಮಗ ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಕೆಲಸಕ್ಕೆ ಹೋಗಿದ್ದ. ಮೇಸ್ತ್ರಿಯ ಕೈ ನಡುಗಲು ಶುರುವಾಗಿತ್ತು, ಕೆಲಸ ಬಿಟ್ಟಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

ನಾನು ಅಂಗಳದಲ್ಲಿಯೇ ನಿಂತು ಅಕ್ಕನಿಗೆ ಫೋನ್ ಮಾಡಿ, "ಬಸ್ಸು ಹತ್ತು" ಎಂದೆ. ಅವಳು ಬರುವವರೆಗೆ ಮನೆ ನೋಡಿದೆ. ಗಿರಾಕಿಗಳನ್ನು ಕರೆತಂದು ತೋರಿಸಲೆಂದೇ ಕಟ್ಟಿದ ಮನೆ ಅದು. ಹಾಲಿನ ಗೋಡೆಗೂ ಎದೆಮಟ್ಟದವರೆಗೆ ಕೆನೆಬಣ್ಣದ ಟೈಲ್ಸು, ಕೋಣೆಕೋಣೆಯಲ್ಲಿಯೂ ಹೂತಿಟ್ಟ ಬೋರ್ಡುಗಳು. ಸೊಸೆ ನನ್ನ ಹಿಂದೆಯೇ ಬರುತ್ತಾ ಗೊಣಗಿದಳು, "ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೀದೆ ಇನ್ನೆಂತ ಅಂತ ಮಾವ ನನಗೇ ಬಯ್ಯುವುದು. ಒರೆಸಿದ ಕೈಯಲ್ಲಿ ಮುಟ್ಟಿದರೂ ಆಗ್ತದೆ ಅಣ್ಣ. ಹೇಳಿದರೆ ಕೇಳುವವರಿಲ್ಲ." ನನಗೆ ಮೈಯೆಲ್ಲ ಉರಿಯಿತು.

ಅಕ್ಕ ಬಂದು ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತಳು. ನಾನು ಕರೆಂಟು ಆಫ್ ಮಾಡಿ, ಟೈಲ್ಸಿನ ಅಂಚು ಒಡೆದು ಪ್ಲೇಟು ತೆಗೆದೆ. ಅದೇ ಪೈಪು, ಅದೇ ಬ್ಲೇಡಿನ ಗಾಯ, ಸಿಪ್ಪೆ ಹೋದ ವಯರು ಬಾಕ್ಸಿಗೆ ತಾಗಿ ಕಪ್ಪಾಗಿತ್ತು. ಅರ್ಥ್ ವಯರು ತುಂಡಾಗಿ ಮೂಲೆಯಲ್ಲಿ ಬಿದ್ದಿತ್ತು. ಸ್ವಂತ ಮನೆಯಲ್ಲಿ, ಸ್ವಂತ ಸೊಸೆ ಅಡುಗೆ ಮಾಡುವ ಜಾಗದಲ್ಲಿಯೂ ಇದನ್ನೇ ಮಾಡಿಟ್ಟ ಮನುಷ್ಯನಿಗೆ ಏನೆನ್ನಬೇಕು?

ಸೊಸೆ ಬಗ್ಗಿ ನೋಡಿ, "ಮಾವ, ಇದು ಎಂತ?" ಎಂದು ಕೂಗಿದಳು.

ಅವರು ಬಂದು ದೂರದಿಂದಲೇ ಕತ್ತು ಚಾಚಿದರು. "ವಯರಿಂಗಿನವ ಮಾಡಿದ್ದು. ಆಗಲೇ ನನಗೆ ಸಂಶಯ ಇತ್ತು."

"ಟೈಲ್ಸಿನ ಜೊತೆಗೇ ಪೈಪು ಕೊಯ್ದಿದೆಯಲ್ಲ ಮಾವ. ಈ ಮನೆಯ ಒಂದು ಟೈಲ್ಸಿಗೂ ಬೇರೆಯವರ ಕೈ ತಾಗ್ಲಿಲ್ಲ ಅಂತ ಬಂದವರಿಗೆಲ್ಲ ಹೇಳುವುದು ನೀವೇ ಅಲ್ವಾ?"

ಜಂಬ ಕೊಚ್ಚಿಕೊಂಡದ್ದು ಅಷ್ಟು ಸರಿಯಾಗಿ ಕುತ್ತಿಗೆಗೆ ಬಂದದ್ದನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಅಕ್ಕನನ್ನು ಮಾತ್ರ ನೋಡಲಿಲ್ಲ. ಅಕ್ಕ ಬಲಗೈಯನ್ನು ಸೊಸೆಯ ಮುಂದೆ ಚಾಚಿ, "ಬೆಳ್ಮಣ್‌ನಲ್ಲಿ ನನಗೆ ಆದದ್ದೂ ಹೀಗೇ. ಇವರನ್ನೇ ಕೇಳು" ಎಂದಳು.

"ಬ್ಲೇಡು ತಾಗಿತ್ತು" ಎಂದರು ಅವರು, ಗೋಡೆಗೆ.

"ಯಾರ ಬ್ಲೇಡು?" ಅಕ್ಕ ಕೇಳಿದಳು.

"ನನ್ನದು."

"ನಾನು ಪ್ಲಗ್ಗಿಗೆ ಬಟ್ಟೆ ತುರುಕಿದ್ದೆನಾ?"

"ಇಲ್ಲ."

ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡಳು. ಅಕ್ಕ ಅಲ್ಲಿಗೆ ಬಿಡಲಿಲ್ಲ. "ಹಾಗಾದರೆ ಈಗಲೇ ಬೆಳ್ಮಣ್‌ನ ಆ ಮನೆಗೆ ಫೋನ್ ಮಾಡಿ, ಇಷ್ಟೇ ಮಾತು ಅವರಿಗೂ ಹೇಳಿ. ಮತ್ತೆ ನಾನು ಬಾಯಿ ತೆಗೆಯುವುದಿಲ್ಲ."

"ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ? ಊರಲ್ಲಿ ನನಗೆ ಒಂದು ಹೆಸರು ಉಂಟು."

"ನನಗೆ ಇರ್ಲಿಲ್ವಾ?" ಎಂದಳು ಅಕ್ಕ.

ಅವರು ಜಗಲಿಗೆ ಹೋಗಿ ಕುಳಿತರು. ಫೋನ್ ಮಾಡಲಿಲ್ಲ, ಇವತ್ತಿನವರೆಗೂ ಮಾಡಿಲ್ಲ. ಬೆಳ್ಮಣ್‌ನವರು ಈಗ ಇದನ್ನು ಓದಿಯೇ ತಿಳಿದುಕೊಳ್ಳಬೇಕು. ಅಷ್ಟಕ್ಕಾಗಿಯೇ ಇದನ್ನು ಬರೆದದ್ದು, ಯಾರಿಗೂ ಸಂಶಯ ಬೇಡ.

ಫೋನ್ ಮಾಡಿದ್ದರೆ ನಾನು ಆ ಒಂದು ಬೋರ್ಡು ಸರಿಮಾಡಿ ಬರುತ್ತಿದ್ದೆ. ಮಾಡಲಿಲ್ಲವಲ್ಲ, ಸೊಸೆಯನ್ನು ಕರೆದು, "ಮನೆಯ ಎಲ್ಲ ಬೋರ್ಡುಗಳನ್ನೂ ತೆರೆದು ನೋಡಬೇಕು" ಎಂದೆ. ಎಲ್ಲವನ್ನೂ ಒಡೆಯುವ ಅಗತ್ಯ ಇತ್ತೇ? ಸ್ಕ್ರೂಗಳಿಗೆ ಟೆಸ್ಟರು ಮುಟ್ಟಿಸಿದರೆ ಎಲ್ಲಿ ಕರೆಂಟು ಇಳಿದಿದೆ ಎಂದು ತಕ್ಕಮಟ್ಟಿಗೆ ಗೊತ್ತಾಗುತ್ತಿತ್ತು. ಆದರೆ ಒಳಗೆ ನೋಡದೆ ಖಾತ್ರಿ ಹೇಳುವಂತಿಲ್ಲ ಎನ್ನುವುದೂ ನಿಜ, ಆ ನಿಜವನ್ನು ನಾನು ಎರಡೂ ಕೈಗಳಿಂದ ಹಿಡಿದುಕೊಂಡೆ. ಅವಳು, "ಒಡೆಯಿರಿ ಅಣ್ಣ, ನನಗೆ ಈ ಮನೆಯಲ್ಲಿ ಹೆದರದೆ ಸ್ವಿಚ್ಚು ಹಾಕ್ಬೇಕು" ಎಂದಳು. ಸಂಜೆ ಬಂದ ಮಗನೂ ಅಡುಗೆಕೋಣೆಯ ವಯರು ನೋಡಿ, ಅಪ್ಪನ ಮುಖ ನೋಡಿ, ಹ್ಞೂಂ ಎಂದ.

ಅಡುಗೆಕೋಣೆ, ಬಚ್ಚಲು, ಹಾಲು, ಜಗಲಿ. ಒಂದೊಂದೇ ಒಡೆದೆ. ಮೊದಲ ಪೆಟ್ಟಿಗೆ ಅವರು ಕಣ್ಣು ಮುಚ್ಚಿದರು. ಆಮೇಲೆ ಮುಚ್ಚಲಿಲ್ಲ, ಕುರ್ಚಿ ಹಿಡಿದು ನೋಡುತ್ತ ಕುಳಿತರು. ಕೆಲವು ಕಡೆ ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಸರಿ ಇದ್ದದ್ದನ್ನೂ ತೋರಿಸಿ, "ಇಲ್ಲಿ ಅಪಾಯ ಇಲ್ಲ ಮೇಸ್ತ್ರಿ" ಎಂದು ಹೇಳಿಯೇ ಮುಂದಿನದಕ್ಕೆ ಹೋದೆ. ಆ ಕೆನೆಬಣ್ಣದ ಟೈಲ್ಸು ಈಗ ಯಾವ ಅಂಗಡಿಯಲ್ಲಿಯೂ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಬದಲಿಗೆ ಹಾಕಲು ಉಡುಪಿಯ ಅಂಗಡಿಯಿಂದ ಅಕ್ಕ ಕಡುಹಸಿರು ಟೈಲ್ಸು ಆಯ್ದು ತಂದಳು. "ಬೂದುಬಣ್ಣದ್ದು ಹೊಂದುತ್ತಿತ್ತಲ್ಲ" ಎಂದು ಅವರು ಮೆಲ್ಲಗೆ ಹೇಳಿ ನೋಡಿದರು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಈಗ ಆ ಮನೆಯೊಳಗೆ ಹೋದರೆ ಪ್ರತಿಯೊಂದು ಸ್ವಿಚ್ ಬೋರ್ಡಿನ ಸುತ್ತಲೂ ಒಂದು ಹಸಿರು ಚೌಕ ಕಾಣುತ್ತದೆ, ಬಂದವರೆಲ್ಲ ಇದೇಕೆ ಹೀಗೆ ಎಂದು ಕೇಳುತ್ತಾರೆ, ಸೊಸೆ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ. ಪ್ಲೇಟುಗಳು ಟೈಲ್ಸಿನ ಮೇಲೆಯೇ ಕುಳಿತಿವೆ.

ಕೊನೆಯ ದಿನ ಜಾಯಿಂಟು ತುಂಬಿಸಲು ಅಕ್ಕನೇ ಬಂದಳು. ಬಾಲ್ದಿ, ಸ್ಪಂಜು ಇಳಿಸಿ, ಸೀದಾ ಅವರ ಎದುರಿಗೆ ಹೋಗಿ, "ಮೇಸ್ತ್ರಿಯವರೇ, ಮೈನು ಆಫ್ ಮಾಡಿ. ಮಾಡಿ ಅಲ್ಲಿಯೇ ನಿಲ್ಲಿ. ನಾನು ಕೇಳುವಾಗ ಹೇಳ್ಬೇಕು" ಎಂದಳು. ಮೈನಿನ ಪೆಟ್ಟಿಗೆ ಜಗಲಿಯ ತುದಿಯಲ್ಲಿತ್ತು. ಅವರು ಸೊಸೆಯ ಮುಖ ನೋಡಿದರು. ಸೊಸೆ, "ಹೋಗಿ ಮಾವ, ಇನ್ನೊಬ್ಬರ ಕೈ ಹೋಗುವುದು ಬೇಡ" ಎಂದಳು. ಅವರು ಹೋಗಿ ನಿಂತರು.

ಅಕ್ಕ ಎಡಗೈಯಲ್ಲಿ ಸ್ಪಂಜು ಹಿಡಿದು ಅಡುಗೆಕೋಣೆಯ ಬೋರ್ಡಿನಿಂದ ಶುರುಮಾಡಿದಳು. ಮುಟ್ಟುವ ಮೊದಲು ಮನೆಯೆಲ್ಲ ಕೇಳುವಂತೆ ಕೂಗಿದಳು, "ಮೈನ್ ಆಫ್ ಉಂಟಾ?"

"ಉಂಟು" ಎಂದು ಜಗಲಿಯಿಂದ ದನಿ ಬಂತು.

ಒಂದು ಬದಿ ಒರೆಸಿ ಮತ್ತೆ ಕೇಳಿದಳು. ಅವರು ಮತ್ತೆ ಹೇಳಿದರು. ನಾನು ಟೆಸ್ಟರು ಹಾಕಿ ನೋಡಿದ್ದೆ, ಎಲ್ಲಿಯೂ ಕರೆಂಟಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ಬೋರ್ಡಿಗೆ, ಪ್ರತಿ ಬದಿಗೆ, ಸ್ಪಂಜು ಹಿಂಡಿ ತಂದ ಪ್ರತಿ ಸಲವೂ ಕೇಳಿದಳು. ಫ್ಯಾನಿಲ್ಲದೆ ಮನೆ ಬೇಯುತ್ತಿತ್ತು. ಸೊಸೆ ಮಾವನಿಗೆ ಕುರ್ಚಿ ಕೊಂಡುಹೋಗಲು ನೋಡಿದಾಗ ಅಕ್ಕ ತಡೆದಳು, "ಬೇಡ. ಕುಳಿತರೆ ನಿದ್ದೆ ಬರ್ತದೆ." ಊಟದ ಹೊತ್ತು ದಾಟುವಾಗ ಜಗಲಿಯ ಉತ್ತರ ಬರುವುದು ತಡವಾಗತೊಡಗಿತು. ತಡವಾದಾಗ ಅಕ್ಕ ಇನ್ನೊಮ್ಮೆ ಕೇಳುತ್ತಿರಲಿಲ್ಲ, ಕೈ ಕಟ್ಟಿ ಕಾಯುತ್ತಿದ್ದಳು, ಉತ್ತರ ಬಂದ ಮೇಲೆಯೇ ಸ್ಪಂಜು ಎತ್ತುತ್ತಿದ್ದಳು. ಜಾಯಿಂಟು ಎಷ್ಟು ಚಂದ ಬಂತೆಂದರೆ ನನಗೆ ಅಳು ಬಂತು.

ಕೆಲಸ ಮುಗಿಯಿತು. ಅಕ್ಕ ಬಾಲ್ದಿ ತೊಳೆದು, ಸ್ಪಂಜು ಹಿಂಡಿ ಚೀಲಕ್ಕೆ ಹಾಕಿ, ಹಿತ್ತಿಲ ಬಾಗಿಲಿನಿಂದ ಹೊರಟಳು. ನಾನು ಜಗಲಿಯ ಕಡೆಗೆ ಕೈ ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಹಿಂದಿನ ದಾರಿಯಿಂದಲೇ ಹೆದ್ದಾರಿಗೆ ಬಂದು ಉಡುಪಿಯ ಬಸ್ಸು ಹತ್ತಿದೆವು.

ಬಸ್ಸು ಕಟಪಾಡಿ ದಾಟುವಾಗ ಸೊಸೆಯ ಫೋನ್ ಬಂತು. "ಅಣ್ಣ, ಮಾವ ಇನ್ನೂ ಮೈನಿನ ಹತ್ತಿರವೇ ನಿಂತಿದ್ದಾರೆ. ಮುಗೀತಾ ಅಂತ ಕೇಳಲಿಕ್ಕೂ ಬಾಯಿ ಬರುವುದಿಲ್ಲ ಅವರಿಗೆ. ಆನ್ ಮಾಡ್ಲಿಕ್ಕೆ ಹೇಳ್ಲಾ?"

ನಾನು ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಜಾಯಿಂಟು ಒಣಗಲಿ" ಎಂದಳು. "ಉಡುಪಿಯಲ್ಲಿ ಬಸ್ಸು ಬದಲಾಯಿಸಿ, ಹಿರಿಯಡ್ಕ ಮುಟ್ಟಿದ ಮೇಲೆ ನಾನೇ ಫೋನ್ ಮಾಡ್ತೇನೆ ಅಂತ ಹೇಳು."